ದೀಪವಾರಿಸುವ ಕೈ

ಸಂಜೆ ಕಚೇರಿಗಳು ಮುಗಿದು ಜನ ಮನೆಗೆ ಹೊರಟ ಮೇಲೆ ನಮ್ಮ ಯಾವುದೇ ಊರಿನ ಯಾವುದೇ ದೊಡ್ಡ ಕಟ್ಟಡದ ಎದುರು ನಿಂತು ನೋಡಿದರೂ ಒಂದು ನೋಟ ತಪ್ಪದೆ ಕಣ್ಣಿಗೆ ಬೀಳುತ್ತದೆ. ಬರಿದಾದ ಕುರ್ಚಿಗಳ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿರುತ್ತದೆ. ಕೈತೊಳೆಯುವ ಮೂಲೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿರುತ್ತದೆ. ಒಂದು ಮಗ್ಗುಲಿಗೆ ಮಾತ್ರ ಅಚ್ಚಾದ ಹಾಳೆಗಳು ಬುಟ್ಟಿ ತುಂಬಿ ಹೊರಚೆಲ್ಲಿರುತ್ತವೆ. ಇವೆಲ್ಲವನ್ನೂ ಹಾಗೆಯೇ ಬಿಟ್ಟುಹೋದ ನೌಕರನು ತನ್ನ ಮನೆಯಲ್ಲಿ ಹೀಗೆ ನಡೆದುಕೊಳ್ಳುವುದಿಲ್ಲ. ಅಲ್ಲಿ ಹಗಲು ಹೊತ್ತಿನಲ್ಲಿ ದೀಪ ಉರಿದರೆ ಮಕ್ಕಳನ್ನು ಗದರಿಸುತ್ತಾನೆ. ನಲ್ಲಿ ಸೋರಿದರೆ ಅಂದೇ ರಿಪೇರಿಯವನನ್ನು ಕರೆಸುತ್ತಾನೆ. ಕಚೇರಿಯ ಹೊಸ್ತಿಲನ್ನು ದಾಟಿದೊಡನೆ ಅದೇ ಕೈಗೆ ಮರವೆ ಕವಿಯುವುದೇಕೆ?

ಇದಕ್ಕೆ ತಿಳಿವಳಿಕೆಯ ಅಭಾವವೇ ಕಾರಣವೆಂದು ಹೇಳುವಂತಿಲ್ಲ. ಭೂಮಿಯ ಶಾಖ ಏರುತ್ತಿದೆ, ಅಂತರ್ಜಲ ಇಳಿಯುತ್ತಿದೆ, ಕಾಡು ಕರಗುತ್ತಿದೆ ಎಂಬುದನ್ನು ಅರಿಯದ ಗುಮಾಸ್ತರು ಇಂದು ಯಾರಿದ್ದಾರೆ? ಮೇಲಿನಿಂದ ಬರುವ ಸುತ್ತೋಲೆಗಳಿಗೂ ಕೊರತೆಯಿಲ್ಲ. ವಿದ್ಯುತ್ತನ್ನು ಉಳಿಸತಕ್ಕದ್ದು, ಕಾಗದವನ್ನು ಮಿತವಾಗಿ ಬಳಸತಕ್ಕದ್ದು ಎಂದು ಆಜ್ಞೆ ಹೊರಡುತ್ತದೆ; ಎಲ್ಲರೂ ಅದರ ಕೆಳಗೆ ರುಜು ಮಾಡುತ್ತಾರೆ; ಅದನ್ನು ಗೋಡೆಗೆ ಅಂಟಿಸಿದ ಮರುಗಳಿಗೆಯೇ ಅದು ಗೋಡೆಯ ಬಣ್ಣದಲ್ಲಿ ಬೆರೆತುಹೋಗುತ್ತದೆ. ಅರಿವಿಗೂ ಆಚರಣೆಗೂ ನಡುವೆ ಒಂದು ಹಳ್ಳವಿದೆ. ಆ ಹಳ್ಳಕ್ಕೆ ಸೇತುವೆಯಾಗಬಲ್ಲದ್ದು ಯಾವುದು ಎಂಬುದೇ ಪ್ರಶ್ನೆ.

ಇತ್ತೀಚಿನ ವರ್ಷಗಳಲ್ಲಿ ಈ ಪ್ರಶ್ನೆಯನ್ನು ಆಡಳಿತಶಾಸ್ತ್ರದ ವಿದ್ವಾಂಸರೂ ಮನಶ್ಶಾಸ್ತ್ರಜ್ಞರೂ ಕೈಗೆತ್ತಿಕೊಂಡಿದ್ದಾರೆ. ಪಾಕಿಸ್ತಾನ, ಮಲೇಷಿಯಾ, ಇಂಡೋನೇಷ್ಯಾಗಳ ವಿದ್ವಾಂಸರಲ್ಲಿ ಹಲವರು ಇದಕ್ಕೆ ಹಿಡಿದಿರುವ ದಾರಿ ನನಗೆ ವಿಶೇಷವಾಗಿ ಕುತೂಹಲಕರವೆನಿಸಿದೆ. ನೌಕರನ ಕೈಯನ್ನು ಚಲಿಸುವಂತೆ ಮಾಡುವುದು ಅವನ ಹೃದಯದ ಭಾವ. ಆ ಭಾವವು ನಿಲ್ಲುವುದಕ್ಕೆ ನೆಲ ಒದಗಿಸುವುದು ಅವನು ಎಳವೆಯಿಂದ ನಂಬಿ ಬಂದ ಧರ್ಮದ ನೀತಿ. ಆದ್ದರಿಂದ ಮುಸ್ಲಿಂ ನೌಕರರೇ ಹೆಚ್ಚಾಗಿರುವ ದೇಶಗಳಲ್ಲಿ ಇಸ್ಲಾಮಿನ ನೀತಿಯನ್ನೂ ಮನುಷ್ಯಸಹಜವಾದ ಭಾವಗಳನ್ನೂ ಒಟ್ಟಿಗೆ ಗಮನಿಸಬೇಕು ಎಂಬುದು ಅವರ ವಾದದ ಸಾರ. ಇಸ್ಲಾಮೀ ಕಾರ್ಯನೀತಿಯನ್ನು ಅಳೆಯುವುದಕ್ಕೆ ಅಬ್ಬಾಸ್ ಅಲಿ ಎಂಬ ವಿದ್ವಾಂಸರು 1988ರಲ್ಲಿಯೇ ಒಂದು ಪ್ರಶ್ನಾವಳಿಯನ್ನು ರಚಿಸಿದ್ದರು. ದುಡಿಮೆಯ ನಿಷ್ಠೆಯನ್ನು ಕುರಿತ ಆ ವಿಚಾರ ಈಗ ಗಿಡಮರ, ನೀರು, ಗಾಳಿಗಳ ಕಡೆಗೂ ಹಬ್ಬಿದೆ.

ಸಾಹಿತ್ಯದ ವಿದ್ಯಾರ್ಥಿಯಾದವನಿಗೆ ಈ ವಾದ ತೀರ ಅಪರಿಚಿತವೇನೂ ಅಲ್ಲ. ನಮ್ಮ ಅಲಂಕಾರಿಕರು ಭಾವಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಬಂದು ಹೋಗುವಂಥವು ಸಂಚಾರಿಗಳು. ನೆಲೆಸಿ ನಿಲ್ಲುವಂಥದು ಸ್ಥಾಯಿ. ನಾಚಿಕೆ, ಗ್ಲಾನಿ, ಶಂಕೆ, ಧೃತಿ ಮೊದಲಾದವುಗಳನ್ನು ಅವರು ಮೂವತ್ತಮೂರು ಸಂಚಾರಿಗಳಲ್ಲಿ ಎಣಿಸಿದ್ದಾರೆ. ಕರಗುವ ಹಿಮದ, ಉರಿಯುವ ಕಾಡಿನ ಚಿತ್ರವನ್ನು ತೋರಿಸಿ ಒಂದು ಗಂಟೆ ಭಾಷಣ ಮಾಡಿದರೆ ನೌಕರನ ಮನಸ್ಸಿನಲ್ಲಿ ಗ್ಲಾನಿ ಹುಟ್ಟುವುದು ನಿಜ. ಆದರೆ ಅದು ಅಲೆಯಂತೆ ಎದ್ದು ಅಲೆಯಂತೆಯೇ ಅಡಗುತ್ತದೆ. ಕೆಳಗೆ ಸ್ಥಾಯಿಯೊಂದು ಇದ್ದರೆ ಮಾತ್ರ ಸಂಚಾರಿಗೆ ಅರ್ಥ. ಕಾವ್ಯದಲ್ಲಿ ರಸಕ್ಕೆ ಹೇಗೋ ಬಾಳಿನಲ್ಲಿ ನಡತೆಗೂ ಹಾಗೆಯೇ ಎಂದು ನನಗೆ ತೋರುತ್ತದೆ.

ಪಶ್ಚಿಮದ ಪ್ರಯೋಗಗಳೂ ಇದನ್ನು ಬೇರೊಂದು ಬಗೆಯಲ್ಲಿ ಸೂಚಿಸುತ್ತವೆ. ಅಮೆರಿಕದ ಹೋಟೆಲೊಂದರಲ್ಲಿ, ತಂಗುವವರು ಟವಲನ್ನು ದಿನವೂ ಒಗೆಯಲು ಹಾಕದೆ ಮತ್ತೆ ಬಳಸುವಂತೆ ಮಾಡುವುದು ಹೇಗೆಂದು ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಪರೀಕ್ಷಿಸಿ 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪರಿಸರವನ್ನು ಕಾಪಾಡಿರಿ ಎಂಬ ಬರಿಯ ವಿನಂತಿಗಿಂತ, ಇದೇ ಕೋಣೆಯಲ್ಲಿ ತಂಗಿದ್ದವರಲ್ಲಿ ಹೆಚ್ಚಿನವರು ಹಾಗೆ ಮಾಡಿದ್ದಾರೆ ಎಂಬ ಸೂಚನೆಗೆ ಹೆಚ್ಚು ಫಲ ದೊರೆಯಿತು. ನೌಕರರ ದಿನದಿನದ ಮನಃಸ್ಥಿತಿಯನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಮನಸ್ಸು ಶಾಂತವಾಗಿ ತೃಪ್ತವಾಗಿದ್ದ ದಿನಗಳಲ್ಲಿ ಅವರು ತಮ್ಮ ಪಾಲಿನ ಕೆಲಸವನ್ನು ಪರಿಸರಕ್ಕೆ ಕೇಡಾಗದಂತೆ ಮಾಡುವುದು ಹೆಚ್ಚು. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಮನುಷ್ಯನು ತನ್ನಂಥವರ ನಡತೆಯನ್ನು ನೋಡಿ ನಡೆಯುತ್ತಾನೆ. ಬೈಸಿಕೊಂಡ ಮನಸ್ಸಿಗಿಂತ ನೆಮ್ಮದಿಯ ಮನಸ್ಸು ಹೆಚ್ಚು ಕಾಳಜಿ ವಹಿಸುತ್ತದೆ.

ಈಗ ಇಸ್ಲಾಮಿನ ನೀತಿಯ ಕಡೆಗೆ ತಿರುಗೋಣ. ಮನುಷ್ಯನು ಭೂಮಿಗೆ ಒಡೆಯನಲ್ಲ, ಒಡೆಯನ ಪ್ರತಿನಿಧಿ ಎಂಬುದು ಅದರ ಮೂಲ ಕಲ್ಪನೆಗಳಲ್ಲಿ ಒಂದು. ಖಲೀಫ ಎಂಬ ಪದದ ಅರ್ಥವೇ ಅದು. ಆಕಾಶ, ಭೂಮಿ, ಪರ್ವತಗಳು ಹೊರಲು ಅಂಜಿ ಹಿಂಜರಿದ ಒಂದು ಹೊಣೆಯನ್ನು ಮನುಷ್ಯನು ಹೊತ್ತನೆಂದು ಕುರಾನಿನಲ್ಲಿ ಒಂದು ಪ್ರಸಂಗ ಬರುತ್ತದೆ. ಆ ಹೊಣೆಗೆ ಅಲ್ಲಿ ಅಮಾನತ್ ಎಂದು ಹೆಸರು. ಸೃಷ್ಟಿಯಲ್ಲಿ ಒಂದು ತೂಕವಿದೆ, ಆ ತಕ್ಕಡಿಯನ್ನು ಕೆಡಿಸಕೂಡದು ಎಂಬ ಭಾವಕ್ಕೆ ಮೀಜಾನ್ ಎಂದು ಹೆಸರು. ಬೇಕಾದುದಕ್ಕಿಂತ ಹೆಚ್ಚು ಬಳಸುವುದು ಇಸ್ರಾಫ್, ಅದು ನಿಂದ್ಯ. ನದಿಯ ದಡದಲ್ಲಿ ಕುಳಿತು ಪ್ರಾರ್ಥನೆಗೆ ಮುನ್ನ ಕೈಕಾಲು ತೊಳೆಯುವವನು ಕೂಡ ನೀರನ್ನು ದುಂದುಮಾಡಬಾರದೆಂದು ಪೈಗಂಬರರು ಸಅದ್ ಎಂಬ ಸಂಗಡಿಗರಿಗೆ ಹೇಳಿದರೆಂದು ಒಂದು ಹದೀಸು ತಿಳಿಸುತ್ತದೆ. ತಾವು ಸ್ವತಃ ವುಜೂ ಮಾಡುತ್ತಿದ್ದುದು ಒಂದು ಮುದ್ದ್ ನೀರಿನಲ್ಲಿ, ಎಂದರೆ ಲೀಟರಿಗೂ ಕಡಿಮೆ ಅಳತೆಯಲ್ಲಿ. ಹರಿಯುವ ಹೊಳೆಯಲ್ಲಿ ನೀರಿಗೇನು ಬರವೆ? ಕೊರತೆ ಇರುವುದರಿಂದ ಉಳಿಸಬೇಕೆಂಬುದು ಲೆಕ್ಕಾಚಾರ. ಕೊರತೆ ಇಲ್ಲದಾಗಲೂ ಉಳಿಸಬೇಕೆಂಬುದು ಶೀಲ. ಈ ಭೇದವನ್ನು ಆ ಚಿಕ್ಕ ಪ್ರಸಂಗ ಎಷ್ಟು ಸರಳವಾಗಿ ಕಾಣಿಸಿದೆ!

ಇಲ್ಲಿ ಕನ್ನಡದ ಅಧ್ಯಾಪಕನಾಗಿ ಒಂದು ಮಾತನ್ನು ಹೇಳದಿರಲಾರೆ. ನಮ್ಮ ಕಚೇರಿಗಳ ಭಾಷೆಯನ್ನು ಸ್ವಲ್ಪ ಕೆದಕಿದರೆ ಈ ನೀತಿಯ ಪದಗಳು ಅಲ್ಲಿ ಹುದುಗಿರುವುದು ಕಾಣುತ್ತದೆ. ಹುದ್ದೆ ಎಂಬ ಪದ ಅರಬ್ಬಿಯ ಉಹ್ದಾ ಎಂಬುದರಿಂದ ಬಂದದ್ದು. ಅಲ್ಲಿ ಅದಕ್ಕೆ ವಹಿಸಿಕೊಂಡ ಹೊಣೆ, ಒಪ್ಪಿದ ಕರಾರು ಎಂದು ಅರ್ಥ. ಜವಾಬ್ದಾರಿ ಎಂಬುದರಲ್ಲಿ ಅಡಗಿರುವುದು ಜವಾಬು. ಕೇಳುವವನೊಬ್ಬನಿದ್ದಾನೆ, ಉತ್ತರ ಕೊಡಬೇಕಾದವನು ನಾನು ಎಂಬ ಎಚ್ಚರ. ಕ್ರಿಯೆಗಳಿಗೆ ಬೆಲೆ ಬರುವುದು ಸಂಕಲ್ಪದಿಂದ ಎಂದು ಇಸ್ಲಾಮಿನ ನೀತಿ ಸಾರುವಾಗ ಬಳಸುವ ನಿಯ್ಯತ್ ಎಂಬ ಪದವೇ ನಮ್ಮ ಹಳ್ಳಿಯವರ ಬಾಯಲ್ಲಿ ನಿಯತ್ತು ಆಗಿದೆ. ಇನ್ನು ಅಮಾನತ್? ಮತ್ತೊಬ್ಬರು ನಂಬಿ ಒಪ್ಪಿಸಿದ ವಸ್ತು ಎಂಬ ಅರ್ಥದ ಆ ಪದ ಠೇವಣಿಯ ಅರ್ಥದಲ್ಲಿ ನಮ್ಮಲ್ಲಿ ಉಳಿದಿದೆಯಾದರೂ ಇಂದಿನ ನೌಕರನು ಅದನ್ನು ಕೇಳುವುದು, ಯಾರನ್ನೋ ಕೆಲಸದಿಂದ ಅಮಾನತು ಮಾಡಿದರು ಎಂಬ ಸುದ್ದಿಯಲ್ಲಿ! ನಂಬಿಕೆಯ ಪದ ಶಿಕ್ಷೆಯ ಪದವಾಗಿಬಿಟ್ಟಿತು. ಅದೇ ಕುಲದ ಅಮಾನಿ ಎಂಬ ಪದವನ್ನು ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತಿದ್ದ ಜಮೀನಿಗೂ ಕೆರೆಗೂ ಬಳಸುತ್ತಿದ್ದರು. ತುಮಕೂರಿನ ಅಮಾನಿಕೆರೆ ಆ ಹೆಸರನ್ನು ಇಂದಿಗೂ ಹೊತ್ತುಕೊಂಡಿದೆ. ಕೆರೆಯೆಂದರೆ ನಂಬಿ ಒಪ್ಪಿಸಿದ ಒಡವೆ ಎಂಬ ಭಾವ ಹೆಸರಿನಲ್ಲಿ ಉಳಿದಷ್ಟು ನಡತೆಯಲ್ಲಿ ಉಳಿದಿದ್ದರೆ ನಮ್ಮ ನಾಡಿನ ಕೆರೆಗಳ ಚರಿತ್ರೆ ಬೇರೆಯಾಗುತ್ತಿತ್ತು.

ಇಂಥ ಕಲ್ಪನೆಗಳು ಗ್ರಂಥದಲ್ಲಿ ಇರುವುದು ಒಂದು, ಕೈಯಲ್ಲಿ ಇಳಿಯುವುದು ಇನ್ನೊಂದು. ಇಳಿದ ಉದಾಹರಣೆಗಳುಂಟು. ಆಫ್ರಿಕದ ಪೂರ್ವ ತೀರದಲ್ಲಿ, ಜಂಜಿಬಾರಿಗೆ ಸೇರಿದ ಪೆಂಬಾ ದ್ವೀಪದ ಬಳಿ, ಮಿಸಾಲಿ ಎಂಬ ಪುಟ್ಟ ನಡುಗಡ್ಡೆಯೊಂದಿದೆ. ಹಿದಾರಾ ಎಂಬ ಸಂತನು ಅಲ್ಲಿ ನಮಾಜಿಗೆ ಚಾಪೆ ಕೇಳಿದನೆಂದೂ, ಚಾಪೆ ಇಲ್ಲವೆಂದಾಗ ಮಕ್ಕೆಯ ದಿಕ್ಕಿಗೆ ಮುಖಮಾಡಿದ ಈ ನಡುಗಡ್ಡೆಯೇ ಚಾಪೆಯಂತಿದೆಯೆಂದು ಹೇಳಿ ಪ್ರಾರ್ಥಿಸಿದನೆಂದೂ ಐತಿಹ್ಯ. ದ್ವೀಪದ ಹೆಸರು ಹುಟ್ಟಿದ್ದೂ ಅದರಿಂದಲೇ ಎನ್ನುತ್ತಾರೆ. ಅದರ ಸುತ್ತಲಿನ ಹವಳದ ದಿಬ್ಬಗಳ ಮೀನನ್ನು ನಂಬಿ ಬದುಕುವ ಬೆಸ್ತರಲ್ಲಿ ಕೆಲವರು ಡೈನಮೈಟ್ ಸಿಡಿಸಿ ಮೀನು ಹಿಡಿಯುತ್ತಿದ್ದರು. ಒಂದು ಸಿಡಿತಕ್ಕೆ ಮೀನಿನ ಜೊತೆಗೆ ಮರಿ, ಮೊಟ್ಟೆ, ಹವಳ ಎಲ್ಲವೂ ನಾಶ. ಸರ್ಕಾರದ ನಿಷೇಧವಾಗಲಿ ತಜ್ಞರ ಉಪದೇಶವಾಗಲಿ ಇದನ್ನು ತಡೆಯಲಾಗಲಿಲ್ಲ. 1998ರಲ್ಲಿ ಆ ಪ್ರದೇಶ ಸಂರಕ್ಷಿತವೆಂದು ಘೋಷಿತವಾದ ಮೇಲೆ, ಬ್ರಿಟನ್ನಿನ ಫಜ್ಲುನ್ ಖಾಲಿದ್ ಸ್ಥಾಪಿಸಿದ ಇಸ್ಲಾಮೀ ಪರಿಸರ ಸಂಸ್ಥೆಯವರು ಸ್ಥಳೀಯ ಧರ್ಮಗುರುಗಳೊಡನೆ ಕುಳಿತು, ಸಮುದ್ರವೂ ಅಮಾನತ್ತೇ ಎಂಬುದನ್ನು ಕುರಾನಿನ ಆಧಾರದಿಂದಲೇ ಬೆಸ್ತರಿಗೆ ಮನಗಾಣಿಸಿದರು. ದಂಡಕ್ಕೆ ಬಗ್ಗದವರಲ್ಲಿ ಹಲವರು ಈ ಮಾತಿಗೆ ಬಗ್ಗಿದರು. ಸರ್ಕಾರದ ದೋಣಿ ಕಾಣದ ಕಡೆಯಲ್ಲಿಯೂ ದೇವರ ಕಣ್ಣಿದೆ ಎಂಬ ಭಾವ ಅವರಿಗೆ ಹೊಸದಾಗಿರಲಿಲ್ಲ. ಆ ಕಣ್ಣು ಹವಳದ ಮೇಲೂ ಇದೆ ಎಂಬುದಷ್ಟೇ ಹೊಸದು.

ಇಂಡೋನೇಷ್ಯಾದ ರಾಜಧಾನಿ ಜಕಾರ್ತದಲ್ಲಿ ಇನ್ನೊಂದು ನಿದರ್ಶನವಿದೆ. ಅಲ್ಲಿಯ ಇಸ್ತಿಕ್ಲಾಲ್ ಮಸೀದಿ ಲಕ್ಷಕ್ಕೂ ಹೆಚ್ಚು ಜನ ಸೇರಬಲ್ಲಷ್ಟು ವಿಶಾಲವಾದದ್ದು. ಅದನ್ನು ವಿನ್ಯಾಸ ಮಾಡಿದ ಫ್ರೆಡರಿಕ್ ಸಿಲಾಬಾನ್ ಕ್ರೈಸ್ತರೆಂಬುದು ನೆನೆಯತಕ್ಕ ಸಂಗತಿ. 1978ರಲ್ಲಿ ತೆರೆದ ಆ ಮಸೀದಿಯನ್ನು ಈಚೆಗೆ ನವೀಕರಿಸುವಾಗ ಮಾಡಿನ ಮೇಲೆ ಐನೂರಕ್ಕೂ ಹೆಚ್ಚು ಸೌರ ಫಲಕಗಳನ್ನು ಹಾಕಿದರು. ನಲ್ಲಿಗಳಲ್ಲಿ ನೀರು ಸಣ್ಣಗೆ ಬರುವಂತೆ ಮಾಡಿದರು. ವುಜೂ ಮಾಡಿದ ನೀರನ್ನು ಶುದ್ಧಗೊಳಿಸಿ ಮತ್ತೆ ಬಳಸುವ ಏರ್ಪಾಟು ಮಾಡಿದರು. ವಿಶ್ವಬ್ಯಾಂಕಿನ ಬಳಗಕ್ಕೆ ಸೇರಿದ ಸಂಸ್ಥೆಯು ಹಸಿರು ಕಟ್ಟಡಗಳಿಗೆ ಕೊಡುವ ಪ್ರಮಾಣಪತ್ರ 2022ರಲ್ಲಿ ಅದಕ್ಕೆ ದೊರೆಯಿತು. ಪ್ರಪಂಚದ ಪ್ರಾರ್ಥನಾಮಂದಿರಗಳಲ್ಲಿ ಅದನ್ನು ಪಡೆದುದರಲ್ಲಿ ಇದೇ ಮೊದಲು. ಬಳಸಿದ ನೀರು ಮತ್ತೆ ಶುದ್ಧವಾಗಬಲ್ಲದೆ ಎಂಬ ಶಂಕೆ ಭಕ್ತನಿಗೆ ಬಾರದಿರದು. ಅದಕ್ಕೆ ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಸಭೆ 1978ರಲ್ಲಿಯೇ ಸಮಾಧಾನ ಹೇಳಿತ್ತು: ಕೊಳೆ ಸಂಪೂರ್ಣ ಹೋಗುವಂತೆ ಸಂಸ್ಕರಿಸಿದ ನೀರು ವುಜೂವಿಗೂ ಸಲ್ಲುತ್ತದೆ. ಶುಕ್ರವಾರದ ನಮಾಜಿಗೆ ಬರುವ ಗುಮಾಸ್ತ, ಕಾರ್ಮಿಕ, ಅಧಿಕಾರಿ ಎಲ್ಲರೂ ಆ ಸಣ್ಣ ಧಾರೆಯ ಕೆಳಗೆ ಕೈಯೊಡ್ಡುತ್ತಾರೆ. ಅಲ್ಲಿ ಅಭ್ಯಾಸವಾದ ಮಿತ ಸೋಮವಾರ ಕಚೇರಿಯ ನಲ್ಲಿಯ ಬಳಿಯೂ ನೆನಪಾಗುವುದಕ್ಕೆ ಅವಕಾಶವಿದೆ.

ಆದರೆ ಅದೇ ದೇಶವು ಈ ಮಾರ್ಗದ ಮಿತಿಯನ್ನೂ ತೋರಿಸಿಕೊಟ್ಟಿದೆ. ಅದನ್ನು ಮುಚ್ಚಿಟ್ಟರೆ ವಿಚಾರಕ್ಕೆ ದ್ರೋಹ ಬಗೆದಂತಾಗುತ್ತದೆ. 2015ರಲ್ಲಿ ಇಂಡೋನೇಷ್ಯಾದ ಸುಮಾರು 26 ಲಕ್ಷ ಹೆಕ್ಟೇರು ಕಾಡೂ ನೆಲವೂ ಬೆಂದುಹೋದವು. ತಾಳೆ ಎಣ್ಣೆಯ ತೋಟಕ್ಕೂ ಕಾಗದದ ಮರಕ್ಕೂ ನೆಲವನ್ನು ಹಸನು ಮಾಡಲು ಬೆಂಕಿಗಿಂತ ಅಗ್ಗದ ಆಳು ಬೇರೊಂದಿಲ್ಲ. ಕೆಳಗಿನ ಜೌಗು ನೆಲ ಒಣಗಿದ್ದರೆ ಆ ಬೆಂಕಿ ವಾರಗಟ್ಟಲೆ ಆರುವುದಿಲ್ಲ. ಆ ವರ್ಷದ ನಷ್ಟವನ್ನು ವಿಶ್ವಬ್ಯಾಂಕು 1,600 ಕೋಟಿ ಡಾಲರುಗಳೆಂದು ಅಂದಾಜು ಮಾಡಿತು. ಮರುವರ್ಷ, 2016ರಲ್ಲಿ, ಅಲ್ಲಿಯ ಉಲೇಮಾ ಮಂಡಳಿಯು ಕಾಡನ್ನೂ ನೆಲವನ್ನೂ ಸುಡುವುದು ಹರಾಮ್ ಎಂದು ಫತ್ವಾ ಹೊರಡಿಸಿತು. ಎರಡು ವರ್ಷ ಹಿಂದೆ, 2014ರಲ್ಲಿ, ವಿನಾಶದ ಅಂಚಿನಲ್ಲಿರುವ ಪ್ರಾಣಿಗಳ ಬೇಟೆಯನ್ನು ನಿಷೇಧಿಸಿದ್ದ ಮಂಡಳಿ ಅದೇ. ಆದರೂ 2019ರಲ್ಲಿ ಮತ್ತೆ 16 ಲಕ್ಷ ಹೆಕ್ಟೇರಿನಷ್ಟು ನೆಲಕ್ಕೆ ಬೆಂಕಿ ತಗಲಿತು.

ಇದರಿಂದ ಫತ್ವಾ ನಿರರ್ಥಕವೆಂದು ಯಾರಾದರೂ ತೀರ್ಮಾನಿಸಿದರೆ ಅದು ಅವಸರದ ತೀರ್ಮಾನ. ನಾವು ಕೇಳಬೇಕಾದುದು ಬೇರೊಂದು: ಬೆಂಕಿಯ ಕಡ್ಡಿ ಗೀರಿದ ಕೈ ಯಾರದು, ಆ ಕೈಗೆ ಕೂಲಿ ಕೊಟ್ಟವರು ಯಾರು? ಕತ್ತಿ ಗುದ್ದಲಿಗಳಿಂದ ಒಂದು ಹೆಕ್ಟೇರನ್ನು ಹಸನು ಮಾಡಲು ಬೇಕಾದ ಹಣ, ಆಳು, ಕಾಲ ಬಡ ರೈತನ ಬಳಿಯಲ್ಲಿಲ್ಲ. ಅವನ ಹೃದಯದಲ್ಲಿ ಪಾಪಭೀತಿಯನ್ನು ತುಂಬಿ, ಕೈಗೆ ಬೇರೆ ಸಾಧನವನ್ನು ಕೊಡದಿದ್ದರೆ, ಅವನು ಪಾಪಭೀತಿಯೊಡನೆಯೇ ಬೆಂಕಿ ಹಚ್ಚುತ್ತಾನೆ. ಕಂಪನಿಯ ಯಜಮಾನನ ಹೃದಯವನ್ನು ಮುಟ್ಟದೆ ಕೂಲಿಯವನ ಹೃದಯವನ್ನಷ್ಟೇ ಮುಟ್ಟುವ ನೀತಿಬೋಧೆ ಅರ್ಧ ನೀತಿಬೋಧೆ. ಮಿಸಾಲಿಯಲ್ಲಿ ಮಾತು ಫಲಿಸಿದ್ದಕ್ಕೆ ಒಂದು ಕಾರಣ, ಅಲ್ಲಿ ಸಮುದ್ರದ ಲಾಭವೂ ನಷ್ಟವೂ ಬೆಸ್ತರದೇ ಆಗಿತ್ತು. ತೋಟದ ಕೂಲಿಗೆ ತೋಟದ ಲಾಭದಲ್ಲಿ ಪಾಲಿಲ್ಲ; ಹೊಗೆಯಲ್ಲಿ ಮಾತ್ರ ಪಾಲು.

ಈ ದೃಷ್ಟಿಯಿಂದ ನೋಡಿದಾಗ, ನೌಕರರ ಭಾವಗಳನ್ನೂ ಧರ್ಮವನ್ನೂ ಬಳಸಿಕೊಂಡು ಅವರನ್ನು ಪರಿಸರಸ್ನೇಹಿಗಳನ್ನಾಗಿ ಮಾಡಬೇಕೆಂಬ ಮಾತಿನಲ್ಲಿ ಬಳಸಿಕೊಂಡು ಎಂಬ ಕ್ರಿಯೆ ನನಗೆ ಭಯ ಹುಟ್ಟಿಸುತ್ತದೆ. ಯಜಮಾನನಾದವನು ವಿದ್ಯುತ್ತಿನ ಬಿಲ್ಲನ್ನು ಇಳಿಸುವುದಕ್ಕೋಸ್ಕರ ದೇವರ ಹೆಸರನ್ನು ಗೋಡೆಗೆ ಅಂಟಿಸಿದರೆ ಅದು ಧರ್ಮವೂ ಅಲ್ಲ, ಪರಿಸರಪ್ರೇಮವೂ ಅಲ್ಲ. ಅದು ಕೇವಲ ಮಿತವ್ಯಯದ ಉಪಾಯ. ನೌಕರನು ಅದನ್ನು ಬಲುಬೇಗ ಕಂಡುಹಿಡಿಯುತ್ತಾನೆ. ಕಂಡುಹಿಡಿದ ದಿನ ಸುತ್ತೋಲೆಯ ಮೇಲಿದ್ದ ಅಸಡ್ಡೆ ಧರ್ಮದ ಮೇಲೂ ಹರಿಯುತ್ತದೆ. ಅನ್ಯಧರ್ಮೀಯರಾದ ಸಹೋದ್ಯೋಗಿಗಳಿರುವ ಕಡೆಯಲ್ಲಿ ಇನ್ನೊಂದು ಕಷ್ಟವೂ ಉಂಟು: ಒಬ್ಬನಿಗೆ ಸ್ಫೂರ್ತಿಯಾಗುವುದು ಇನ್ನೊಬ್ಬನಿಗೆ ಒತ್ತಾಯವಾಗಬಾರದು. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬುದು ಇಸ್ಲಾಮಿನ ಗ್ರಂಥದ್ದೇ ಆಶಯ. ಕೂಲಿಯವನ ಬೆವರು ಆರುವ ಮೊದಲು ಅವನ ಕೂಲಿಯನ್ನು ಸಲ್ಲಿಸಬೇಕೆಂಬುದೂ ಅದೇ ಪರಂಪರೆಯ ಆಜ್ಞೆ. ಇಸ್ರಾಫನ್ನು ನೆನಪಿಸುವ ಯಜಮಾನನು ಈ ಆಜ್ಞೆಯನ್ನು ಮರೆತರೆ ಅವನ ಬಾಯಲ್ಲಿ ಮೊದಲಿನದೂ ಸಲ್ಲದು.

ಉಮಯ್ಯದ್ ಖಲೀಫರಲ್ಲಿ 717ರಿಂದ 720ರವರೆಗೆ ಆಳಿದ ಉಮರ್ ಬಿನ್ ಅಬ್ದುಲ್ ಅಜೀಜರನ್ನು ಕುರಿತು ಮುಸ್ಲಿಂ ಜಗತ್ತಿನಲ್ಲೆಲ್ಲ ಪ್ರಚಾರದಲ್ಲಿರುವ ಒಂದು ಕಥೆಯಿದೆ. ರಾತ್ರಿ ರಾಜ್ಯದ ಕಾಗದಪತ್ರಗಳನ್ನು ನೋಡುತ್ತ ಕುಳಿತಿದ್ದಾಗ ದೂರದ ಪ್ರಾಂತದಿಂದ ಅಧಿಕಾರಿಯೊಬ್ಬನು ಬಂದನಂತೆ. ರಾಜ್ಯದ ಯೋಗಕ್ಷೇಮದ ಮಾತು ಮುಗಿಯಿತು. ಅವನು ಖಲೀಫರ ಮನೆಮಂದಿಯ ಕುಶಲವನ್ನು ವಿಚಾರಿಸತೊಡಗಿದ ಕೂಡಲೇ ಉಮರರು ಎದುರಿನ ದೀಪವನ್ನು ಆರಿಸಿ, ತಮ್ಮ ಸ್ವಂತದ ಚಿಕ್ಕ ದೀಪವನ್ನು ತರಿಸಿದರಂತೆ. ಮೊದಲಿನ ದೀಪದ ಎಣ್ಣೆ ಪ್ರಜೆಗಳ ಹಣದ್ದು, ತಮ್ಮ ಮನೆಮಾತಿಗೆ ಅದು ಉರಿಯಬಾರದು ಎಂಬುದು ಅವರ ಸಮಾಧಾನ. ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಉಳಿದ ಎಣ್ಣೆಯ ಪ್ರಮಾಣವಲ್ಲ. ದೀಪವಾರಿಸಿದ ಕೈ ಸೇವಕನದಾಗಿರಲಿಲ್ಲ, ದಮಾಸ್ಕಸಿನ ಅಧಿಪತಿಯದಾಗಿತ್ತು. ಬಂದಿದ್ದ ಅಧಿಕಾರಿಗೆ ಯಾವ ಸುತ್ತೋಲೆಯೂ ಬೇಕಾಗಲಿಲ್ಲ. ಆ ಹೊತ್ತು ಅವನ ಮನಸ್ಸಿನಲ್ಲಿ ನಾಚಿಕೆ, ಗೌರವ, ವಿಸ್ಮಯ ಒಟ್ಟಿಗೆ ಎದ್ದಿರಬೇಕು. ತನ್ನ ಪ್ರಾಂತಕ್ಕೆ ಹಿಂದಿರುಗಿ ತನ್ನ ದೀಪವನ್ನು ನೋಡಿದಾಗಲೆಲ್ಲ ಅವು ಮರುಕಳಿಸಿರಬೇಕು. ಸಂಚಾರಿಯು ಸ್ಥಾಯಿಗೆ ಸೇರುವುದು ಹೀಗೆ.

ಭಾವಗಳಲ್ಲಿಯೂ ಆಯ್ಕೆ ಬೇಕು. ಭಯ ಮತ್ತು ಅಪರಾಧಪ್ರಜ್ಞೆ ಬೇಗ ಕೆಲಸ ಮಾಡುತ್ತವೆ, ಬೇಗ ದಣಿಯುತ್ತವೆ. ಬಹಳ ಚುಚ್ಚಿದರೆ ಮನಸ್ಸು ಕಲ್ಲಾಗುತ್ತದೆ. ಕೃತಜ್ಞತೆಗೆ ಆ ದಣಿವಿಲ್ಲ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ಮೊಗೆದು ಕುಡಿಸಿದವನ ಪಾಪಗಳು ಪರಿಹಾರವಾದವೆಂದು ಹೇಳುವ ಹದೀಸಿನಲ್ಲಿಯೂ, ಪ್ರಳಯವೇ ಎದುರಿಗೆ ಬಂದರೂ ಕೈಯಲ್ಲಿರುವ ಸಸಿಯನ್ನು ನೆಡಬೇಕೆಂಬ ಹದೀಸಿನಲ್ಲಿಯೂ ಹೆದರಿಕೆಯ ಸುಳಿವಿಲ್ಲ. ಕರುಣೆಯಿದೆ, ಫಲವನ್ನು ಕಾಯದ ಧೈರ್ಯವಿದೆ. ಭೂಮಿ ಹೇಗೂ ಕೆಟ್ಟುಹೋಯಿತು, ನಾನೊಬ್ಬ ಒಂದು ದೀಪ ಆರಿಸಿದರೆ ಏನು ಉಳಿದೀತು ಎಂದು ನಿಟ್ಟುಸಿರಿಡುವ ಇಂದಿನ ನೌಕರನಿಗೆ ಆ ಸಸಿಯ ಮಾತಿಗಿಂತ ಒಳ್ಳೆಯ ಉತ್ತರವನ್ನು ನಾನು ಕಾಣೆ. 2015ರಲ್ಲಿ ಇಸ್ತಾಂಬುಲಿನಲ್ಲಿ ಸೇರಿದ ವಿದ್ವಾಂಸರು ಹವಾಮಾನವನ್ನು ಕುರಿತು ಹೊರಡಿಸಿದ ಘೋಷಣೆ, 2024ರಲ್ಲಿ ನೈರೋಬಿಯಲ್ಲಿ ಬಿಡುಗಡೆಯಾದ ಅಲ್-ಮೀಜಾನ್ ಎಂಬ ಭೂಮಿಯ ಒಡಂಬಡಿಕೆ, ಇವೆರಡೂ ಈ ಹಳೆಯ ಮಾತುಗಳನ್ನೇ ನಮ್ಮ ಕಾಲಕ್ಕೆ ಹೊಂದಿಸಿ ಹೇಳುವ ಪ್ರಯತ್ನಗಳು.

ಕನ್ನಡಿಗರಿಗೆ ಇದರಿಂದ ಏನು ಪಾಠ? ದುಡಿಮೆಯನ್ನು ಕಾಯಕವೆಂದು ಕರೆದು, ಅದರಲ್ಲಿ ಮೇಲುಕೀಳಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿ ಸಾರಿದ ಶರಣರ ನಾಡು ನಮ್ಮದು. ಅಮಾನತ್ ಎಂದವರೂ ಕಾಯಕ ಎಂದವರೂ ಬೇರೆ ಬೇರೆ ದಾರಿಗಳಿಂದ ಬಂದು, ಕೆಲಸದ ಜಾಗವೂ ಸಾಧನೆಯ ಜಾಗವೇ ಎಂಬಲ್ಲಿ ಸಂಧಿಸುತ್ತಾರೆ. ನಮ್ಮ ಕಚೇರಿಗಳಲ್ಲಿ ಈ ಇಬ್ಬರ ವಾರಸುದಾರರೂ ಮಗ್ಗುಲು ಮಗ್ಗುಲಿಗೆ ಕುಳಿತು ಕೆಲಸ ಮಾಡುತ್ತಾರೆ. ಅವರವರ ಮನೆಯಿಂದ ಅವರವರು ತಂದ ನೀತಿಯನ್ನು ಬಾಗಿಲ ಹೊರಗೆ ಬಿಟ್ಟುಬನ್ನಿರೆಂದು ಹೇಳುವ ಬದಲು, ಅದನ್ನು ಮೇಜಿನವರೆಗೆ, ನಲ್ಲಿಯವರೆಗೆ, ದೀಪದ ಗುಂಡಿಯವರೆಗೆ ತರಲು ಅವಕಾಶ ಕೊಟ್ಟರೆ ಒಳ್ಳೆಯದಲ್ಲವೆ? ಆದರೆ ಮೊದಲು ಏಳಬೇಕಾದವರು ದೊಡ್ಡ ಕೋಣೆಯಲ್ಲಿ ಕುಳಿತವರು. ಹೊರಡುವಾಗ ತಮ್ಮ ಕೋಣೆಯ ದೀಪವನ್ನು ಜವಾನನನ್ನು ಕರೆಯದೆ ತಾವೇ ಆರಿಸುವ ಅಧಿಕಾರಿಗಳು ಹೆಚ್ಚಲಿ. ಸುತ್ತೋಲೆಗಳ ಸಂಖ್ಯೆ ತಾನಾಗಿ ಕಡಿಮೆಯಾಗುತ್ತದೆ, ಅಷ್ಟು ಕಾಗದವೂ ಉಳಿಯುತ್ತದೆ.